ಎಂಜಿನ್ ಬೇಡದ ಮಾರುತ್



1959ರ ಏಪ್ರಿಲ್ 3ರಂದು ಬೆಂಗಳೂರಿನಲ್ಲಿ ಒಂದು ಡಕೋಟಾ ವಿಮಾನ ಇನ್ನೊಂದು ವಿಮಾನವನ್ನು ಹಗ್ಗ ಕಟ್ಟಿ ಎಳೆದುಕೊಂಡು ಆಕಾಶಕ್ಕೆ ಏರಿತು. ಹಿಂದೆ ಬರುತ್ತಿದ್ದ ವಿಮಾನಕ್ಕೆ ಚೂಪು ಮೂತಿ, ಹಿಂದಕ್ಕೆ ವಾಲಿದ ರೆಕ್ಕೆ. ನೋಡಿದವರಿಗೆ ಅದು ಅಪ್ಪಟ ಯುದ್ಧವಿಮಾನವೇ. ಆದರೆ ಅದಕ್ಕೆ ಎಂಜಿನ್ನೇ ಇರಲಿಲ್ಲ, ಅದನ್ನು ಮರದಲ್ಲಿ ಕಟ್ಟಿದ್ದರು. ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಮುಂದೆ ತಯಾರಿಸಬೇಕಿದ್ದ ಎಚ್‌ಎಫ್-24 ಮಾರುತ್ ವಿಮಾನದ ಪೂರ್ಣ ಅಳತೆಯ ಮಾದರಿ ಅದು. ಹೆಸರು ಎಕ್ಸ್-241. ಡಕೋಟಾ ಮೇಲಕ್ಕೆ ಒಯ್ದು ಬಿಟ್ಟ ಮೇಲೆ ಪೈಲಟ್ ಅದನ್ನು ತೇಲಿಸಿಕೊಂಡು ಇಳಿಸಬೇಕು. ಹೀಗೆ 78 ಸಲ ಹಾರಿಸಿ, ಈ ಆಕಾರ ಗಾಳಿಯಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂದು ತಿಳಿದುಕೊಂಡರು. ಕೊನೆಗೆ ಒಮ್ಮೆ ಇಳಿಯುವಾಗ ಮುಂದಿನ ಗಾಲಿ ಹೊರಬರದೆ ಅದು ಜಖಂ ಆಯಿತು. ಅಷ್ಟು ಹೊತ್ತಿಗೆ ಬೇಕಾದ ಪಾಠ ಸಿಕ್ಕಿಯಾಗಿತ್ತು.

ಇವತ್ತು ನಾನು ಮಾತಾಡಲು ಹೊರಟಿರುವುದು ಅದೇ ವಿಮಾನವನ್ನು ಬಾಲ್ಸಾ ಮರದಲ್ಲಿ, ಮೇಜಿನ ಮೇಲೆ ಹಿಡಿಸುವಷ್ಟು ಚಿಕ್ಕದಾಗಿ ಮಾಡುವ ವಿಚಾರ. ಹಾರಿಸಲಿಕ್ಕಲ್ಲ, ಇಟ್ಟು ನೋಡಲಿಕ್ಕೆ. ನಮ್ಮ ಕಡೂರು ಕಡೆಯ ಚೌಳಹಿರಿಯೂರಿನಂಥ ಊರಿನಲ್ಲಿ ಕೂತು ಮಾಡಬಹುದಾದ ಕೆಲಸವೇ ಇದು. ಬೇಕಾದದ್ದು ಒಂದು ಮೇಜು, ಒಳ್ಳೆಯ ಬೆಳಕು, ಹೊಸ ಬ್ಲೇಡು. ಮಿಕ್ಕದ್ದು ತಾಳ್ಮೆ.

ಲೋಕದಲ್ಲಿ ಇಷ್ಟೊಂದು ಯುದ್ಧವಿಮಾನಗಳಿರುವಾಗ ಮಾರುತ್ ಏಕೆ ಎಂದು ನೀವು ಕೇಳಬಹುದು. ಅದು ನಮ್ಮ ರಾಜ್ಯದಲ್ಲೇ ಹುಟ್ಟಿದ್ದು ಎಂಬುದು ಒಂದು ಕಾರಣ. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಹೆಸರಾಂತ ಫೋಕೆ-ವುಲ್ಫ್ 190 ವಿಮಾನವನ್ನು ರೂಪಿಸಿದ್ದ ಕುರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದು ಇದರ ವಿನ್ಯಾಸ ಕೈಗೆತ್ತಿಕೊಂಡರು. 1961ರ ಜೂನ್ 17ರಂದು ಸುರಂಜನ್ ದಾಸ್ ಅದನ್ನು ಮೊದಲ ಬಾರಿ ಹಾರಿಸಿದರು. ಬೆಂಗಳೂರಿಗೆ ಹೋದವರು ಸುರಂಜನ್ ದಾಸ್ ರಸ್ತೆಯಲ್ಲಿ ಓಡಾಡಿರುತ್ತೀರಿ, ಅವರೇ ಇವರು. 1970ರ ಜನವರಿಯಲ್ಲಿ ಮಾರುತ್ ಹಾರಿಸುತ್ತಿದ್ದಾಗಲೇ ಅಪಘಾತದಲ್ಲಿ ತೀರಿಕೊಂಡರು. ವಿಮಾನ 1967ರಲ್ಲಿ ವಾಯುಪಡೆಗೆ ಸೇರಿತು. ಒಟ್ಟು 147 ತಯಾರಾದವು. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯ ಕಡೆ ಕೆಲಸ ಮಾಡಿದವು.

ನನಗೆ ಹೆಚ್ಚು ಹಿಡಿಸುವ ಕಾರಣ ಬೇರೆ. ಮಾರುತ್ ಶಬ್ದದ ವೇಗವನ್ನು ಸಲೀಸಾಗಿ ದಾಟಲೆಂದು ರೂಪುಗೊಂಡ ವಿಮಾನ. ಅದಕ್ಕೆಂದು ಎಣಿಸಿದ್ದ ಬಲವಾದ ಎಂಜಿನ್ ಸಿಗಲೇ ಇಲ್ಲ. ಕಡಿಮೆ ಶಕ್ತಿಯ ಆರ್ಫಿಯಸ್ 703 ಎಂಜಿನ್ ಎರಡನ್ನು ಕೂರಿಸಿಕೊಂಡು ಬಾಳೆಲ್ಲ ಕಳೆಯಿತು. ಬಯ್ಯುವವರು ಎಂಜಿನ್ನನ್ನು ಬಯ್ದರೇ ಹೊರತು ಮೈಕಟ್ಟನ್ನು ಬಯ್ದವರು ಕಡಿಮೆ. ಪ್ರದರ್ಶನದ ಮಾದರಿಗಾದರೋ ಎಂಜಿನ್ ಬೇಕಿಲ್ಲ. ಮಾರುತ್‌ನಲ್ಲಿ ಯಾವುದು ಚೆನ್ನಾಗಿತ್ತೋ ಅದಷ್ಟೇ ಇಲ್ಲಿ ಉಳಿಯುತ್ತದೆ.

ಮರ ಕತ್ತರಿಸುವ ಮೊದಲು ನಿಜವಾದ ವಿಮಾನವನ್ನು ಹೋಗಿ ನೋಡಬೇಕು. ಕಡೂರಿನಲ್ಲೋ ಬೀರೂರಿನಲ್ಲೋ ರೈಲು ಹತ್ತಿದರೆ ಬೆಂಗಳೂರು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಹೊರಗೆ ಒಂದು ಮಾರುತ್ ನಿಂತಿದೆ. ಹಳೆ ವಿಮಾನ ನಿಲ್ದಾಣ ರಸ್ತೆಯ ಎಚ್‌ಎಎಲ್ ಸಂಗ್ರಹಾಲಯದಲ್ಲಿ ಇನ್ನೊಂದಿದೆ. ಜರ್ಮನಿಯ ಮ್ಯೂನಿಕ್ ಬಳಿಯ ಶ್ಲೈಸ್‌ಹೈಮ್ ಸಂಗ್ರಹಾಲಯದಲ್ಲಿಯೂ ಒಂದಿದೆ. ಟ್ಯಾಂಕ್ ಸಾಹೇಬರ ಕೆಲಸ ಅವರ ದೇಶಕ್ಕೆ ಹೋಗಿ ಸೇರಿದ್ದು ಹೀಗೆ. ನೋಡಲು ಹೋದವರು ಸಾಮಾನ್ಯವಾಗಿ ಎದುರು ನಿಂತು ಒಂದು ಫೋಟೊ ತೆಗೆದುಕೊಂಡು ಬರುತ್ತಾರೆ. ಮಾದರಿ ಮಾಡುವವರಿಗೆ ಅದು ಸಾಲದು. ಹೊಟ್ಟೆಯ ಕೆಳಗೆ ಬಗ್ಗಿ ನೋಡಬೇಕು. ಚಕ್ರದ ಕಾಲು ಎಲ್ಲಿ ಮಡಚಿಕೊಳ್ಳುತ್ತದೆ, ಗಾಳಿ ಒಳಹೋಗುವ ಬಾಯಿಯಲ್ಲಿ ಆ ಅರ್ಧ ಶಂಕುವಿನ ಆಕಾರ ಎಷ್ಟು ಮುಂದೆ ಬಂದಿದೆ, ಬಾಲದ ರೆಕ್ಕೆ ಎಷ್ಟು ಕೆಳಗೆ ಕೂತಿದೆ, ಇವನ್ನೆಲ್ಲ ಬರೆದುಕೊಳ್ಳಬೇಕು. ಒಂದು ಎಚ್ಚರಿಕೆ: ಸಂಗ್ರಹಾಲಯದ ವಿಮಾನಕ್ಕೆ ಮಳೆ-ಬಿಸಿಲಿಗೆ ಮತ್ತೆ ಮತ್ತೆ ಬಣ್ಣ ಬಳಿದಿರುತ್ತಾರೆ. ಆಕಾರಕ್ಕೆ ಅದನ್ನು ನಂಬಿ, ಬಣ್ಣಕ್ಕೆ ಹಳೆಯ ಫೋಟೊಗಳನ್ನು ನಂಬಿ.

ಈಗ ಅಳತೆ. ನಿಜವಾದ ಮಾರುತ್ 15.87 ಮೀಟರ್ ಉದ್ದ, ರೆಕ್ಕೆಯ ತುದಿಯಿಂದ ತುದಿಗೆ 9 ಮೀಟರ್. ಮೂವತ್ತೆರಡರಲ್ಲಿ ಒಂದು ಪಾಲು ಮಾಡಿದರೆ ಸುಮಾರು 49.6 ಸೆಂಟಿಮೀಟರ್ ಉದ್ದ, 28 ಸೆಂಟಿಮೀಟರ್ ಅಗಲ. ಬಾಲ್ಸಾಗೆ ಇದಕ್ಕಿಂತ ಚಿಕ್ಕದು ಬೇಡ ಎನ್ನುತ್ತೇನೆ. ಮೆತ್ತನೆ ಮರದಲ್ಲಿ ತೀರ ಚಿಕ್ಕ ಅಂಚುಗಳು ನಿಲ್ಲುವುದಿಲ್ಲ. ಈ ಮೂವತ್ತೆರಡು ಎಂಬ ಅಂಕಿಯನ್ನು ಕೆಲಸ ಮುಗಿಯುವ ತನಕ ತಲೆಯಲ್ಲಿ ಇಟ್ಟುಕೊಳ್ಳಬೇಕು. ಮಾದರಿಯ ಮೇಲೆ ಅರ್ಧ ಮಿಲಿಮೀಟರ್ ಅಗಲದ ಗೀರು ಎಳೆದಿರೋ, ನಿಜದ ವಿಮಾನದಲ್ಲಿ ಅದು ಹದಿನಾರು ಮಿಲಿಮೀಟರಿನ ಬಿರುಕು. ಅಂಥ ವಿಮಾನವನ್ನು ಯಾವ ಪೈಲಟ್ಟೂ ಹತ್ತುವುದಿಲ್ಲ. ಮೂತಿಯ ಎರಡೂ ಬದಿ ಎರಡೆರಡರಂತೆ ನಾಲ್ಕು ಏಡನ್ ಫಿರಂಗಿಗಳಿವೆ, ಒಂದೊಂದರ ಬಾಯಿ 30 ಮಿಲಿಮೀಟರ್. ನಮ್ಮ ಮಾದರಿಯಲ್ಲಿ ಅದು ಒಂದು ಮಿಲಿಮೀಟರಿಗೂ ಕಡಿಮೆ, ಗುಂಡುಸೂಜಿ ಚುಚ್ಚಿದರೆ ಮುಗಿಯಿತು.

ಬಾಲ್ಸಾ ನಮ್ಮ ಕಡೆಯ ಮರವಲ್ಲ. ದಕ್ಷಿಣ ಅಮೆರಿಕದ ಈಕ್ವೆಡಾರ್ ಅದಕ್ಕೆ ಹೆಸರುವಾಸಿ. ಕೆಲವೇ ವರ್ಷಗಳಲ್ಲಿ ಎತ್ತರಕ್ಕೆ ಬೆಳೆದುಬಿಡುವ ಮರ. ಒಣಗಿದಾಗ ಘನಮೀಟರಿಗೆ ಸುಮಾರು 160 ಕಿಲೊ ತೂಗುತ್ತದೆ. ತೇಗ ಸುಮಾರು 650. ನಮ್ಮ ವಿಮಾನದ ಒಡಲಿಗೆ ಬೇಕಾಗುವ, ಐವತ್ತು ಸೆಂಟಿಮೀಟರ್ ಉದ್ದ, ಆರು ಸೆಂಟಿಮೀಟರ್ ಅಗಲ ದಪ್ಪದ ದಿಮ್ಮಿ ತೇಗದಲ್ಲಾದರೆ ಒಂದು ಕಿಲೊ ಮೀರುತ್ತದೆ. ಬಾಲ್ಸಾದಲ್ಲಿ ಮುನ್ನೂರು ಗ್ರಾಮೂ ಇಲ್ಲ. ಹಾರದ ವಿಮಾನಕ್ಕೆ ಹಗುರ ಏಕೆ ಬೇಕು? ಬೇಕಿಲ್ಲ, ನಿಜ. ಬಾಲ್ಸಾವನ್ನು ಇಲ್ಲಿ ಆರಿಸುವುದು ತೂಕಕ್ಕಲ್ಲ, ಅದು ಬ್ಲೇಡಿಗೆ ಒಗ್ಗುತ್ತದೆ ಎಂಬುದಕ್ಕೆ. ಬಾಸಿಂಗ ಮಾಡುವ ಬೆಂಡು ಇನ್ನೂ ಹಗುರ, ಆದರೆ ಉಜ್ಜಿದರೆ ಅಂಚು ನಿಲ್ಲದು. ತೇಗಕ್ಕೆ ಉಳಿ, ಸುತ್ತಿಗೆ, ಪಳಗಿದ ಆಚಾರ್ರ ಕೈ ಬೇಕು. ಬಾಲ್ಸಾ ಇವೆರಡರ ನಡುವಿನದು. ಬೆಂಗಳೂರಿನ ಹವ್ಯಾಸದ ಸಾಮಾನಿನ ಅಂಗಡಿಗಳಲ್ಲಿ ಮೂರು-ನಾಲ್ಕು ಅಂಗುಲ ಅಗಲ, ಮೂರು ಅಡಿ ಉದ್ದದ ಹಲಗೆಗಳಾಗಿ ಸಿಗುತ್ತದೆ, ಅಂಚೆಯಲ್ಲೂ ತರಿಸಬಹುದು. ಕೊಳ್ಳುವಾಗ ಉಗುರಿನಿಂದ ಒತ್ತಿ ನೋಡಿ: ಒಡಲಿಗೆ ಮೆತ್ತನೆಯದು, ರೆಕ್ಕೆ-ಬಾಲಕ್ಕೆ ಗಟ್ಟಿಯದು.

ಈ ಮರವನ್ನು ಆಟಿಕೆಯ ಮರ ಎಂದು ಹಗುರವಾಗಿ ಕಾಣಬೇಡಿ. ಲೋಕದ ಎಷ್ಟೋ ಗಾಳಿಯಂತ್ರಗಳ ಅಲಗಿನ ಒಳತಿರುಳು ಬಾಲ್ಸಾ. ಚಿತ್ರದುರ್ಗದ ಕಡೆಯ ಗುಡ್ಡಗಳ ಮೇಲೆ ಆ ಉದ್ದನೆಯ ಅಲಗುಗಳು ತಿರುಗುವುದನ್ನು ನೀವೆಲ್ಲ ಕಂಡಿದ್ದೀರಿ. ಬ್ರಿಟಿಷರ ಮಾಸ್ಕಿಟೊ ಎಂಬ ಯುದ್ಧವಿಮಾನದ ಒಡಲು ಎರಡು ಪದರ ಬರ್ಚ್ ಪ್ಲೈವುಡ್, ನಡುವೆ ಬಾಲ್ಸಾ. 1940ರಲ್ಲಿ ಮೊದಲು ಹಾರಿದ ಅದು ಆ ಕಾಲದ ಅತಿವೇಗದ ವಿಮಾನಗಳಲ್ಲಿ ಒಂದು. ಅದೇ ಮಾಸ್ಕಿಟೊಗಳು 1944ರಲ್ಲಿ ಭಾರತದಲ್ಲಿ ಹಾರುತ್ತಿದ್ದಾಗ ಕೆಲವು ಆಕಾಶದಲ್ಲೇ ಮುರಿದವು. ನಮ್ಮ ಬಿಸಿಲು, ತೇವದಲ್ಲಿ ಅಂಟಿನ ಜೋಡಣೆ ತಡೆಯಲಿಲ್ಲವೆಂಬ ಅನುಮಾನ ಬಂದು ಹಾರಾಟವನ್ನೇ ನಿಲ್ಲಿಸಬೇಕಾಯಿತು. ಮೊದಲು ಬಳಸಿದ್ದು ಹಾಲಿನ ಕೇಸೀನಿನಿಂದ ಮಾಡಿದ ಅಂಟು. ಆಮೇಲೆ ರಾಸಾಯನಿಕ ಅಂಟಿಗೆ ಬದಲಾದರು. ನಮ್ಮ ಮಾದರಿಗೆ ಫೆವಿಕಾಲ್ ಸಾಕು. ಆದರೆ ಒಂದು ರಾತ್ರಿ ಪೂರ್ತಿ ಒತ್ತಿ ಹಿಡಿದು ಒಣಗಿಸಿ. ಆತುರಕ್ಕೆ ಎಲ್ಲ ಕಡೆ ಫೆವಿಕ್ವಿಕ್ ಸುರಿದರೆ ಆ ಜಾಗ ಕಲ್ಲಿನಂತಾಗಿ, ಉಜ್ಜುವಾಗ ಅಕ್ಕಪಕ್ಕದ ಮರ ತಗ್ಗಿ ಅಂಟು ಮಾತ್ರ ದಿಣ್ಣೆಯಾಗಿ ಉಳಿಯುತ್ತದೆ.

ಒಡಲಿನ ದಿಮ್ಮಿಯನ್ನು ಎಡ-ಬಲ ಎರಡು ಹೋಳಾಗಿ ಮಾಡಿ, ನಡುವೆ ದಿನಪತ್ರಿಕೆಯ ಹಾಳೆ ಇಟ್ಟು ಅಂಟಿಸಿ. ಕೆತ್ತನೆ ಮುಗಿದ ಮೇಲೆ ಕಾಗದದ ಗುಂಟ ಸೀಳಿದರೆ ಎರಡೂ ಹೋಳು ಬಿಡಿಸಿಕೊಳ್ಳುತ್ತವೆ. ಆಗ ಪೈಲಟ್ಟಿನ ಕೋಣೆ, ಹಿಂದಿನ ಹೊಗೆಬಾಯಿ ಇವನ್ನು ಒಳಗಿಂದ ತೋಡಬಹುದು. ಆ ಕಾಗದದ ಗೆರೆಯೇ ಕೊನೆಯವರೆಗೂ ನಿಮ್ಮ ನಡುಗೆರೆ. ದಿಮ್ಮಿಯ ಮೇಲೆ ಪಕ್ಕದ ನೋಟ ಬರೆದು ಕತ್ತರಿಸಿ, ಆಮೇಲೆ ಮೇಲಿನ ನೋಟ. ಈಗ ಚೌಕಾಕಾರದ ಒಂದು ವಿಮಾನ ಸಿಗುತ್ತದೆ. ಅದನ್ನು ದುಂಡಗೆ ಮಾಡುವಾಗ ಕಣ್ಣಳತೆ ನಂಬಬೇಡಿ. ಹತ್ತು-ಹನ್ನೆರಡು ಕಡೆ ಅಡ್ಡ ಕೊಯ್ದರೆ ಒಡಲು ಹೇಗೆ ಕಾಣಬೇಕೋ ಆ ಆಕಾರವನ್ನು ರಟ್ಟಿನಲ್ಲಿ ಕತ್ತರಿಸಿಟ್ಟುಕೊಂಡು, ಆಗಾಗ ಮರಕ್ಕೆ ಒತ್ತಿ ನೋಡುತ್ತಿರಬೇಕು.

ಮಾರುತ್‌ನ ಗುಟ್ಟೆಲ್ಲ ಈ ರಟ್ಟುಗಳಲ್ಲಿದೆ. ಅವನ್ನು ಸಾಲಾಗಿ ಜೋಡಿಸಿಟ್ಟರೆ, ರೆಕ್ಕೆ ಸೇರುವ ಜಾಗದಲ್ಲಿ ಒಡಲು ಸೋರೆಬುರುಡೆಯಂತೆ ಸೊಂಟ ಸಣ್ಣ ಮಾಡಿಕೊಳ್ಳುವುದು ಕಾಣುತ್ತದೆ. ಅಂದಕ್ಕೆ ಮಾಡಿದ್ದಲ್ಲ. ವಿಮಾನ ಶಬ್ದದ ವೇಗಕ್ಕೆ ಹತ್ತಿರವಾದಾಗ ಗಾಳಿ ಒಡಲನ್ನು ಬೇರೆ, ರೆಕ್ಕೆಯನ್ನು ಬೇರೆ ಎಂದು ನೋಡುವುದಿಲ್ಲ. ಎರಡೂ ಸೇರಿದ ಒಟ್ಟು ಅಡ್ಡಗಾತ್ರ ಮೂತಿಯಿಂದ ಬಾಲದವರೆಗೆ ನಯವಾಗಿ ಏರಿ ಇಳಿಯಬೇಕು. ಎಲ್ಲಾದರೂ ತಟ್ಟನೆ ಉಬ್ಬಿದರೆ ಎಳೆತ ವಿಪರೀತ ಹೆಚ್ಚುತ್ತದೆ. ರೆಕ್ಕೆ ಬಂದು ಸೇರುವಲ್ಲಿ ಗಾತ್ರ ಹೆಚ್ಚುವುದರಿಂದ ಅಲ್ಲಿ ಒಡಲು ತಗ್ಗಬೇಕು. ಅಮೆರಿಕದ ರಿಚರ್ಡ್ ವಿಟ್‌ಕಾಂಬ್ 1950ರ ದಶಕದಲ್ಲಿ ಕಂಡುಕೊಂಡ ಈ ಸೂತ್ರ ಕೆಲವೇ ವರ್ಷಗಳಲ್ಲಿ ಬೆಂಗಳೂರಿನ ನಕ್ಷೆಯ ಮೇಲೆ ಇತ್ತು. ಆ ಸೊಂಟವನ್ನು ಕಾಲು ಅಂಗುಲ ದಪ್ಪ ಬಿಟ್ಟರೆ ಎಂಥ ಬಣ್ಣ ಬಳಿದರೂ ಅದು ಮಾರುತ್ ಆಗುವುದಿಲ್ಲ. ಮಿಕ್ಕ ಎಲ್ಲ ವಿವರಗಳಿಗಿಂತ ಹೆಚ್ಚು ಹೊತ್ತು ಇಲ್ಲಿ ಕಳೆಯಿರಿ.

ರೆಕ್ಕೆಯ ಮಾತು ಚುಟುಕಾಗಿ ಹೇಳುತ್ತೇನೆ. ಮರದ ನಾರು ರೆಕ್ಕೆಯ ಉದ್ದಕ್ಕೆ ಹರಿಯಬೇಕು, ಅಡ್ಡಕ್ಕಲ್ಲ. ಹಿಂದಂಚು ಕಾಗದದಷ್ಟು ತೆಳ್ಳಗಾಗುವಲ್ಲಿ ಬಾಲ್ಸಾ ಮುರಿಯುತ್ತದೆ. ಅಲ್ಲಿ ಮಾತ್ರ ಫೆವಿಕ್ವಿಕ್ ಕುಡಿಸಿ ಗಟ್ಟಿ ಮಾಡಿಕೊಳ್ಳಬಹುದು. ಒಡಲಿಗೆ ಸೇರಿಸಲು ಊದುಬತ್ತಿಯ ಬಿದಿರು ಕಡ್ಡಿಯೇ ಒಳ್ಳೆಯ ಗೂಟ. ಚಕ್ರದ ಕಾಲಿಗೆ ಸೈಕಲ್ ಕಡ್ಡಿ.

ಬಹಳ ಜನ ಸೋಲುವುದು ಕೆತ್ತನೆಯಲ್ಲಲ್ಲ, ಅದರ ನಂತರ. ಬಾಲ್ಸಾದ ಮೈತುಂಬ ಸಣ್ಣ ರಂಧ್ರಗಳು. ನೇರ ಬಣ್ಣ ಬಳಿದರೆ ಅದು ಕುಡಿದುಬಿಡುತ್ತದೆ, ನಾರು ಎದ್ದು ನಿಲ್ಲುತ್ತದೆ. ಜನ ಮರವನ್ನು ನೋಡುತ್ತಾರೆ, ಲೋಹವನ್ನಲ್ಲ. ಸ್ಯಾಂಡಿಂಗ್ ಸೀಲರಿಗೆ ಟಾಲ್ಕಂ ಪೌಡರ್ ಕಲಸಿ ಬಳಿಯುವುದು ಹಳೆಯ ಉಪಾಯ. ಬಳಿದು, ಒಣಗಿಸಿ, ನಯವಾದ ಸ್ಯಾಂಡ್‌ಪೇಪರಿನಿಂದ ಬಳಿದದ್ದರಲ್ಲಿ ಹೆಚ್ಚುಪಾಲು ಉಜ್ಜಿ ತೆಗೆಯುವುದು, ಮತ್ತೆ ಬಳಿಯುವುದು. ನಮ್ಮ ಕೊಪ್ಪಳ ಜಿಲ್ಲೆಯ ಕಿನ್ನಾಳದ ಕಲಾವಿದರಿಗೆ ಇದು ಹೊಸದೇನಲ್ಲ. ಹಗುರ ಮರದ ಬೊಂಬೆಯ ಮೇಲೆ ಹುಣಸೆಬೀಜದ ಸರಿ, ಮರದ ಪುಡಿ ಸೇರಿಸಿದ ಕಿಟ್ಟ ಮೆತ್ತಿ, ಮರದ ಗುರುತೇ ಉಳಿಯದಂತೆ ಮಾಡಿ ಆಮೇಲೆ ಬಣ್ಣ ಹಚ್ಚುತ್ತಾರೆ. ಕೆಲಸದ ತರ್ಕ ಒಂದೇ. ಆದರೆ ಇಲ್ಲಿ ದಪ್ಪ ಕೂಡದು. ಸೀಲರು, ಪ್ರೈಮರು, ಬಣ್ಣ ಎಲ್ಲ ಸೇರಿ ಕಾಲು ಮಿಲಿಮೀಟರ್ ಆದರೆ ನಿಜದ ಅಳತೆಯಲ್ಲಿ ಎಂಟು ಮಿಲಿಮೀಟರ್ ಬಣ್ಣ ಬಳಿದಂತೆ. ಒಂದು ಕೈ ಬೂದು ಪ್ರೈಮರ್ ಎರಚಿ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಮುಚ್ಚಿಟ್ಟ ತಪ್ಪುಗಳೆಲ್ಲ ಆಗ ಹೊರಗೆ ಬರುತ್ತವೆ.

ಪೈಲಟ್ಟಿನ ತಲೆಯ ಮೇಲಿನ ಪಾರದರ್ಶಕ ಮುಚ್ಚಳಕ್ಕೆ ಗಟ್ಟಿ ಮರದಲ್ಲಿ ಅಚ್ಚು ಕೆತ್ತಿ, ನೀರಿನ ಬಾಟಲಿಯೊಳಗೆ ಇಟ್ಟು ಹೊರಗಿಂದ ಬಿಸಿಗಾಳಿ ಹಾಯಿಸಿ. ಪ್ಲಾಸ್ಟಿಕ್ ಕುಗ್ಗಿ ಅಚ್ಚನ್ನು ಅಪ್ಪಿಕೊಳ್ಳುತ್ತದೆ, ಬೇಕಾದಷ್ಟು ಕತ್ತರಿಸಿಕೊಳ್ಳಿ. ಮಕ್ಕಳು ಇದನ್ನು ದೊಡ್ಡವರ ಜೊತೆಗೇ ಮಾಡಬೇಕು. ಬಣ್ಣಕ್ಕೆ ಹಳೆಯ ಫೋಟೊದಲ್ಲಿ ಕಾಣುವ ಮರೆಬಣ್ಣ, ವಾಯುಪಡೆಯ ವೃತ್ತಗಳಲ್ಲಿ ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಹೊಳಪು ಬಣ್ಣ ಬೇಡ, ಮಬ್ಬು ಬಣ್ಣ ಸಾಕು. ರೆಕ್ಕೆಯ ಕೆಳಗೆ ಬಾಂಬು, ರಾಕೆಟ್ಟು ಎಲ್ಲ ತೂಗುಹಾಕುವ ಚಪಲ ಬಹಳ ಜನರಿಗೆ. ನನಗೆ ಅದು ಸೇರದು. ಅಷ್ಟು ಕಷ್ಟಪಟ್ಟು ತೆಗೆದ ಮೈಕಟ್ಟನ್ನು ನೀವೇ ಮರೆಮಾಡಿದಂತಾಗುತ್ತದೆ.

ಶಾಲೆಗಳಲ್ಲಿ ಎನ್‌ಸಿಸಿ ವಾಯುವಿಭಾಗದ ಮಕ್ಕಳಿಗೆ ವಿಮಾನ ಮಾದರಿ ತಯಾರಿಕೆ ತರಬೇತಿಯ ಭಾಗವೇ ಆಗಿದೆ. ನಮ್ಮ ಕಡೂರು, ತರೀಕೆರೆ, ಅಜ್ಜಂಪುರದ ಕಡೆಯ ಶಾಲೆಗಳಲ್ಲಿ ವಾಯುವಿಭಾಗ ಇರಲಿ ಬಿಡಲಿ, ಕರಕುಶಲದ ತರಗತಿಯಲ್ಲಿ ಇದನ್ನು ತೆಗೆದುಕೊಳ್ಳಬಹುದು. ಅಳತೆ ಭಾಗಿಸುವ ಗಣಿತ, ಗಾಳಿಯ ಭೌತಶಾಸ್ತ್ರ, ಸ್ವಲ್ಪ ಇತಿಹಾಸ ಎಲ್ಲ ಒಂದೇ ಮೇಜಿನ ಮೇಲೆ ಬರುತ್ತವೆ.

ಮುಗಿದ ಮಾದರಿಯನ್ನು ಗಾಜಿನ ಪೆಟ್ಟಿಗೆಯಲ್ಲಿಡಿ, ನೇರ ಬಿಸಿಲಿನಲ್ಲಿ ಬೇಡ. ನಮ್ಮ ಬಯಲುಸೀಮೆಯ ದೂಳು ಮಬ್ಬು ಬಣ್ಣಕ್ಕೆ ಕೂತರೆ ಬಟ್ಟೆಯಿಂದ ಒರೆಸಲು ಹೋಗಬೇಡಿ, ಮೆತ್ತನೆ ಕುಂಚ ಆಡಿಸಿ. ಪೀಠದ ಅಡಿಯಲ್ಲಿ ಒಂದು ಚೀಟಿ ಅಂಟಿಸಿ: ಯಾವ ವಿಮಾನ, ಯಾವ ಫೋಟೊ ನೋಡಿ ಬಣ್ಣ ಹಚ್ಚಿದ್ದು, ಎಷ್ಟರಲ್ಲಿ ಒಂದು ಪಾಲು, ಯಾವ ಕಂಪನಿಯ ಯಾವ ಬಣ್ಣ, ಮಾಡಿದ ವರ್ಷ. ಮುಂದೊಂದು ದಿನ ರೆಕ್ಕೆ ಮುರಿದಾಗ ಸರಿಮಾಡಲು ಕೂರುವವರು ನೀವೇ ಆಗಿರಬೇಕೆಂದಿಲ್ಲ.