ನವಜಾತ ಶಿಶುವಿನ ಶ್ರವಣಪರೀಕ್ಷೆ: ಗಂಡು ಹೆಣ್ಣೆಂಬ ಭೇದ



ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಮನೆಯೊಳಗೆ ಕನ್ನಡವನ್ನೂ ಬೀದಿಯಲ್ಲಿ ತಮಿಳನ್ನೂ ಆಡುವ ದೇವಾಂಗ ನೇಕಾರರ, ಒಕ್ಕಲಿಗರ ಕುಟುಂಬಗಳು ಅನೇಕ. ಅಂಥ ಮನೆಯ ಮಗು ಎರಡು ವರ್ಷ ತುಂಬಿದರೂ ಮಾತನಾಡದಿದ್ದರೆ ಹಿರಿಯರಲ್ಲಿ ಎರಡು ಸಮಾಧಾನಗಳು ಸಿದ್ಧವಾಗಿರುತ್ತವೆ: ಎರಡು ಭಾಷೆಗಳ ಗೊಂದಲ, ಇಲ್ಲವೇ, ಗಂಡುಮಗುವಿಗೆ ಮಾತು ನಿಧಾನ. ಮಗುವಿಗೆ ಕಿವಿ ಕೇಳಿಸುತ್ತಿದೆಯೇ ಎಂಬ ಪ್ರಶ್ನೆ ಏಳುವುದೇ ಇಲ್ಲ. ಎರಡನೆಯ ಸಮಾಧಾನಕ್ಕೆ ವಿಜ್ಞಾನದ ಹೆಸರನ್ನೂ ಅಂಟಿಸಬಹುದಾದುದರಿಂದ ಅದನ್ನೇ ಇಲ್ಲಿ ವಿಚಾರಿಸುತ್ತೇನೆ.

ಒಳಗಿವಿಯ ಶಂಖಾಕಾರದ ನಾಳದಲ್ಲಿರುವ ಸೂಕ್ಷ್ಮ ರೋಮಕೋಶಗಳು ಶಬ್ದವನ್ನು ಗ್ರಹಿಸುವಾಗ ತಾವೂ ಅತಿ ಕ್ಷೀಣವಾದ ಮರುದನಿಯನ್ನು ಹೊರಡಿಸುತ್ತವೆ. ಇದನ್ನು ಲಂಡನ್ನಿನ ಡೇವಿಡ್ ಕೆಂಪ್ 1978ರಲ್ಲಿ ಪ್ರಕಟಪಡಿಸಿದರು. ನಿದ್ರಿಸುವ ಕೂಸಿನ ಕಿವಿಗೆ ಪುಟ್ಟ ಶೋಧಕವನ್ನಿಟ್ಟು ಆ ಮರುದನಿಯನ್ನು ಹಿಡಿಯುವುದೇ ಇಂದಿನ ಪರೀಕ್ಷೆ. ಕೆಲವು ನಿಮಿಷಗಳ ಕೆಲಸ, ನೋವಿಲ್ಲ. ಫಲ 'ಪಾಸ್' ಇಲ್ಲವೇ 'ರೆಫರ್'.

ಈ ಮರುದನಿ ಸರಾಸರಿಯಲ್ಲಿ ಹೆಣ್ಣು ಶಿಶುಗಳಲ್ಲಿ ತುಸು ಬಲವಾಗಿರುವುದು ನಿಜ. ಬಲಗಿವಿಯಲ್ಲಿಯೂ ಎಡಗಿವಿಗಿಂತ ಹಾಗೆಯೇ. ಗರ್ಭದಲ್ಲಿಯೇ ಗಂಡುಶಿಶುವಿನ ಮೇಲೆ ವರ್ತಿಸುವ ಹಾರ್ಮೋನುಗಳು ಕಾರಣವಿರಬಹುದೆಂದು ಅಮೆರಿಕದ ಡೆನಿಸ್ ಮೆಕ್‌ಫ್ಯಾಡನ್ ವಾದಿಸಿದ್ದಾರೆ. ಆದರೆ ಅಂತರವು ಒಂದೆರಡು ಡೆಸಿಬೆಲ್ಲಿನಷ್ಟು. ಇಬ್ಬರು ಗಂಡುಮಕ್ಕಳ ನಡುವೆಯೇ ಇದಕ್ಕಿಂತ ಹೆಚ್ಚಿನ ವ್ಯತ್ಯಾಸವಿರಬಹುದು. 'ರೆಫರ್' ಎಂಬ ಚೀಟಿಯನ್ನು ನೋಡಿ, "ಗಂಡಲ್ಲವೇ, ಹಾಗೆಯೇ ಇರುತ್ತದೆ" ಎನ್ನಲು ಈ ಅಂತರವು ಎಳ್ಳಷ್ಟೂ ಆಧಾರವಾಗದು.

ಮೊದಲ ದಿನವೇ ಪರೀಕ್ಷಿಸಿದರೆ ಕಿವಿಯೊಳಗೆ ಉಳಿದ ಲೇಪ, ದ್ರವಗಳಿಂದಲೂ 'ರೆಫರ್' ಬರುತ್ತದೆ. ಮರುಪರೀಕ್ಷೆ ಅದಕ್ಕಾಗಿಯೇ. ತಪ್ಪಿಹೋಗುವುದೂ ಅದೇ. ತವರಿನಲ್ಲಿ ಹೆತ್ತವಳು ಗಂಡನ ಊರಿಗೆ ಹಿಂದಿರುಗುವಾಗ ಚೀಟಿ ಬಟ್ಟೆಗಂಟಿನಲ್ಲಿ ಉಳಿಯುತ್ತದೆ. ಸಾವಿರ ಶಿಶುಗಳಲ್ಲಿ 1ರಿಂದ 3ಕ್ಕೆ ಶಾಶ್ವತ ಶ್ರವಣದೋಷವಿರುತ್ತದೆ; ಒಂದು ತಿಂಗಳೊಳಗೆ ಪರೀಕ್ಷೆ, ಮೂರರೊಳಗೆ ನಿರ್ಣಯ, ಆರರೊಳಗೆ ಶ್ರವಣಯಂತ್ರ ಮತ್ತು ತರಬೇತಿ ಎಂಬುದು ತಜ್ಞರು ಒಪ್ಪಿದ ಗಡುವು. ನಮ್ಮಲ್ಲಿ ಅಕ್ಕನ ಮಗಳನ್ನೂ ಸೋದರಮಾವನ ಮಗಳನ್ನೂ ತರುವ ರೂಢಿ ಇನ್ನೂ ಇದೆ. ರಕ್ತಸಂಬಂಧದ ವಿವಾಹದಲ್ಲಿ ತಾಯಿತಂದೆಯರಿಬ್ಬರಿಂದಲೂ ಕೂಡಿಬರುವ ಕಿವುಡು ಸಾಮಾನ್ಯವಾಗಿ ಗಂಡು ಹೆಣ್ಣೆಂದು ಆರಿಸದು.

ತರಗತಿಯಲ್ಲಿ ಆರಿಸುವವರು ನಾವು. ಕರೆದರೆ ತಿರುಗದ ಹುಡುಗನು ಪುಂಡ. ತಿರುಗದ ಹುಡುಗಿ ಸಾಧು. ಹುಡುಗಿಯ ದೋಷ ಹೆಚ್ಚು ಕಾಲ ಮರೆಯಾಗಿರುವುದು ಈ ಹೊಗಳಿಕೆಯಿಂದಲೇ ಎಂದು ನನ್ನ ಅಭಿಪ್ರಾಯ.

ಶಾಲೆಗೆ ಸೇರಿಸುವಾಗ ಲಸಿಕೆಯ ಪುಸ್ತಕದೊಡನೆ ಶ್ರವಣಪರೀಕ್ಷೆಯ ಚೀಟಿಯನ್ನೂ ಕೇಳಿರಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡವು ಅಂಗನವಾಡಿಗೂ ಸರ್ಕಾರಿ ಶಾಲೆಗೂ ಬರುತ್ತದೆ. ಜನ್ಮಜಾತ ಕಿವುಡು ಅದರ ಪಟ್ಟಿಯಲ್ಲಿಯೇ ಇದೆ. ಸಂಶಯವಿದ್ದರೆ ಮಗುವಿನ ಹಿಂದೆ, ನೆರಳೂ ಕಾಣದಂತೆ ನಿಂತು, ಮೊದಲು ಕನ್ನಡದಲ್ಲಿ, ಬಳಿಕ ತಮಿಳಿನಲ್ಲಿ ಮೆಲ್ಲನೆ ಕರೆಯಿರಿ. ಎರಡಕ್ಕೂ ತಿರುಗದಿದ್ದರೆ ತಂಡದ ಸರದಿಗಾಗಿ ಕಾಯದೆ ಆ ವಾರವೇ ಪೋಷಕರನ್ನು ಆಸ್ಪತ್ರೆಗೆ ಕಳುಹಿಸಿರಿ.