ತಗಡಿನ ಮೇಲಿನ ಗೆರೆ: ಯೂಸುಫ್ ಅರಕ್ಕಲ್

ಹುಣಸೂರು, ಕೆ.ಆರ್. ನಗರದ ಕಡೆಯ ಹಳೇ ಮನೆಗಳಲ್ಲಿ ಲಕ್ಷ್ಮಿ, ಸರಸ್ವತಿಯರ ಕಟ್ಟು ಹಾಕಿಸಿದ ಪಟ ನೋಡದವರು ಕಡಿಮೆ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ತೆರೆದದ್ದರ ಫಲ ಅದು. ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು ಹೂಡಿ ಸಾವಿರಗಟ್ಟಲೆ ಪ್ರತಿ ತೆಗೆದರು. ಅರಮನೆಯಲ್ಲಿದ್ದ ಕಲೆ ಬಡವರ ದೇವರ ಗೂಡಿಗೂ ಬಂತು.

ಕಲಾವಿದನೇ ಯಂತ್ರದ ಮುಂದೆ ನಿಂತು, ಎಣಿಸಿದಷ್ಟೇ ಪ್ರತಿ ತೆಗೆಯುವ ಅಚ್ಚುಚಿತ್ರದ ದಾರಿ ಬೇರೆ. ಕರ್ನಾಟಕದಲ್ಲಿ ಅದನ್ನೂ ವರ್ಣಚಿತ್ರವನ್ನೂ ಜೊತೆಗೂಡಿಸಿಕೊಂಡು ಹೋದವರಲ್ಲಿ ಯೂಸುಫ್ ಅರಕ್ಕಲ್ ಅವರದು ದೊಡ್ಡ ಹೆಸರು.

ಹುಟ್ಟಿದ್ದು 1945ರಲ್ಲಿ, ಕೇರಳದ ಚಾವಕ್ಕಾಡ್‌ನಲ್ಲಿ. ಎಳವೆಯಲ್ಲೇ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡ ಹುಡುಗ ಮನೆ ಬಿಟ್ಟು ಬೆಂಗಳೂರು ಸೇರಿದ. ಮುಂದೆ ಎಚ್‌ಎಎಲ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಬಣ್ಣದ ಗೀಳು ಮಾತ್ರ ಬಿಡಲಿಲ್ಲ. 1973ರಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತಿನಿಂದ ಡಿಪ್ಲೊಮಾ ಪಡೆದರು. ಅಚ್ಚಿನ ಕೆಲಸದಲ್ಲಿ ಕೈ ಪಳಗಿದ್ದು ದೆಹಲಿಯಲ್ಲಿ, ಲಲಿತ ಕಲಾ ಅಕಾಡೆಮಿಯ ಗಢಿ ಸ್ಟುಡಿಯೊದಲ್ಲಿ.

ಈ ಕಲೆಯಲ್ಲಿ ಎಚ್ಚಿಂಗ್ ಎಂಬುದೊಂದು ಬಗೆ. ತಾಮ್ರದ ಇಲ್ಲವೇ ಸತುವಿನ ತಗಡಿಗೆ ಮೇಣದ ಲೇಪ ಬಳಿದು, ಸೂಜಿಯಿಂದ ಗೀರಿ, ಆಸಿಡ್ಡಿಗೆ ಇಳಿಸುತ್ತಾರೆ. ಗೀರಿದಲ್ಲಿ ಮಾತ್ರ ಆಸಿಡ್ಡು ಲೋಹವನ್ನು ತಿನ್ನುತ್ತದೆ. ಬೇಗ ತೆಗೆದರೆ ಗೆರೆ ನವಿರು, ತಡೆದು ತೆಗೆದರೆ ಕಡುಗಪ್ಪು. ಆಮೇಲೆ ಶಾಯಿ ತುಂಬಿ, ಮೇಲ್ಭಾಗವನ್ನು ಬಟ್ಟೆಯಿಂದ ಒರೆಸಿ, ಒದ್ದೆ ಕಾಗದ ಹೊದಿಸಿ ಯಂತ್ರದ ಉರುಳೆಯಡಿ ಹಾಯಿಸಬೇಕು. ಗೀರಿನೊಳಗಿನ ಶಾಯಿ ಕಾಗದಕ್ಕೆ ಏರುತ್ತದೆ, ಎಡಬಲ ಅದಲುಬದಲಾಗಿ! ಹಾಗಾಗಿ ಅಕ್ಷರವಿದ್ದರೆ ತಗಡಿನ ಮೇಲೆ ತಿರುವುಮುರುವಾಗಿಯೇ ಬರೆಯಬೇಕು. ಕಾಗದದ ಕೆಳಗೆ ಪೆನ್ಸಿಲ್‌ನಲ್ಲಿ 5/20 ಎಂದಿದ್ದರೆ, ತೆಗೆದ ಇಪ್ಪತ್ತು ಪ್ರತಿಗಳಲ್ಲಿ ಅದು ಐದನೆಯದು.

ಅರಕ್ಕಲ್ ಚಿತ್ರಗಳಲ್ಲಿ ಮತ್ತೆ ಮತ್ತೆ ಕಾಣುವವನು ಫುಟ್‌ಪಾತಿನ ಮನುಷ್ಯ: ಒಂಟಿ, ಮುಖ ಅರ್ಧ ಕತ್ತಲಲ್ಲಿ. ಬೀದಿಯ ಬದುಕನ್ನು ಹತ್ತಿರದಿಂದ ಕಂಡವರಿಗೆ ಆ ಮನುಷ್ಯ ಬರೀ ವಸ್ತುವಾಗಿ ಉಳಿಯಲಾರ. ಅವರ ಕ್ಯಾನ್ವಾಸಿನ ಒರಟು ಮೈಯನ್ನೂ ಮಬ್ಬು ಬಣ್ಣವನ್ನೂ ನೋಡಿದರೆ ತಗಡು ಗೀರಿ ಬಂದ ಕೈ ಇದು ಅನ್ನಿಸದಿರದು. ಗಾಳಿಪಟದ ಚಿತ್ರಗಳಲ್ಲಿ ಮಾತ್ರ ಆ ಬಿಗುವು ಕೊಂಚ ಸಡಿಲವಾಗುತ್ತದೆ.

1983ರಲ್ಲಿ ರಾಷ್ಟ್ರೀಯ ಪ್ರಶಸ್ತಿ ಬಂತು. 2005ರಲ್ಲಿ ಇಟಲಿಯ ಫ್ಲಾರೆನ್ಸ್ ಬಿಯೆನಾಲೆಯಲ್ಲಿ ಲೊರೆಂಜೊ ದೆ ಮೆದಿಚಿ ಚಿನ್ನದ ಪದಕ. 2016ರ ಅಕ್ಟೋಬರ್ 4ರಂದು ಬೆಂಗಳೂರಿನಲ್ಲೇ ತೀರಿಕೊಂಡರು. ಅವರ ಮಾತು ಬಂದಾಗಲೆಲ್ಲ ವರ್ಣಚಿತ್ರಗಳದೇ ಮೇಲುಗೈ. ಅಚ್ಚುಚಿತ್ರಗಳಿಗೆ ಒಂದೆರಡು ಸಾಲು ಸಿಕ್ಕರೆ ಹೆಚ್ಚು.