ನೋವಿಲ್ಲದ ಮಚ್ಚೆ

(ಸುವರ್ಣ ಮಹೋತ್ಸವದ ಎರಡನೆಯ ದಿನ ಬೆಳಗಿನ ಗೋಷ್ಠಿಯಲ್ಲಿ ಮಾಡಿದ ಭಾಷಣದ ಪಠ್ಯ)



ಸ್ವಾಗತ ಸಮಿತಿಯವರು ನನಗೆ ಕೊಟ್ಟಿರುವ ವಿಷಯ 'ಚರ್ಮರೋಗಗಳು: ಕಾರಣ ಮತ್ತು ಪತ್ತೆ'. ಕಜ್ಜಿ, ಹುಳುಕಡ್ಡಿ, ಇಸುಬು, ಚಿಬ್ಬು, ತೊನ್ನು ಎಂದು ಎಲ್ಲವನ್ನೂ ಹೇಳಲು ಹೊರಟರೆ ಮಧ್ಯಾಹ್ನದ ಊಟ ಸಂಜೆಗೆ ಆಗುತ್ತದೆ. ಆದ್ದರಿಂದ ಒಂದೇ ಒಂದು ಕಾಯಿಲೆಯ ಬಗ್ಗೆ ಮಾತಾಡುತ್ತೇನೆ. ನಮ್ಮ ಅಜ್ಜಿಯರು ಅದರ ಹೆಸರು ಹೇಳಲೂ ಹೆದರಿ 'ದೊಡ್ಡ ರೋಗ' ಎನ್ನುತ್ತಿದ್ದರು. ಕುಷ್ಠರೋಗ.

ಅದು ಎಂದೋ ಹೋಯಿತಲ್ಲ ಎಂದು ನಿಮಗನ್ನಿಸಬಹುದು. 2005ರ ಡಿಸೆಂಬರಿನಲ್ಲಿ ನಮ್ಮ ದೇಶ ಕುಷ್ಠ 'ನಿರ್ಮೂಲನ'ದ ಗುರಿ ಮುಟ್ಟಿತು ಎಂದು ಪತ್ರಿಕೆಗಳಲ್ಲಿ ಬಂದದ್ದು ನಿಜ. ಆದರೆ ಆ ಮಾತಿನ ಅರ್ಥ, ಹತ್ತು ಸಾವಿರ ಜನರಲ್ಲಿ ಚಿಕಿತ್ಸೆ ಪಡೆಯುತ್ತಿರುವವರು ಒಬ್ಬರಿಗಿಂತ ಕಡಿಮೆ ಇದ್ದಾರೆ ಎಂದಷ್ಟೇ. ಇವತ್ತಿಗೂ ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು ಒಂದು ಲಕ್ಷ ಹೊಸ ರೋಗಿಗಳು ಪತ್ತೆಯಾಗುತ್ತಾರೆ. ಇಡೀ ಜಗತ್ತಿನ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನಮ್ಮವರೇ. ಅವರಲ್ಲಿ ಶಾಲೆಗೆ ಹೋಗುವ ಮಕ್ಕಳೂ ಇದ್ದಾರೆ.

ಈಗ ನಮ್ಮ ತರಗತಿಯ ಎರಡು ಸಂಗತಿ ಹೇಳುತ್ತೇನೆ. ಸಂಬಂಧಪಟ್ಟ ಇಬ್ಬರನ್ನೂ ಕೇಳಿಕೊಂಡೇ ಹೇಳುತ್ತಿದ್ದೇನೆ, ಹೆಸರು ಹೇಳುವುದಿಲ್ಲ. ನನ್ನ ಸಹಪಾಠಿಗಳಿಗೆ ಗೊತ್ತಾದರೆ ದಯವಿಟ್ಟು ಪಕ್ಕದವರ ಕಿವಿಯಲ್ಲಿ ಹೇಳಬೇಡಿ.

1986. ನಾವು ಒಂಬತ್ತನೇ ತರಗತಿ. ನಮ್ಮ ಜೊತೆ ಒಬ್ಬ ಹುಡುಗಿ ಇದ್ದಳು. ಅವಳ ತುಟಿಯ ಮೇಲೆ, ಬೆರಳ ತುದಿಗಳಲ್ಲಿ ಹಾಲಿನಂಥ ಬಿಳುಪು. ಅವಳನ್ನು ಕೊನೆಯ ಬೆಂಚಿನಲ್ಲಿ ಒಬ್ಬಳೇ ಕೂರುವಂತೆ ಮಾಡಿದ್ದೆವು. ಮೇಷ್ಟರು ಹೇಳಿದ್ದಲ್ಲ, ನಾವೇ ಮಾಡಿದ್ದು. ನೀರಿನ ಮಡಕೆಯ ಹತ್ತಿರ ಅವಳು ಬಂದರೆ ಯಾರಾದರೂ ಮೇಲಿನಿಂದ ಅವಳ ಬೊಗಸೆಗೆ ಹೊಯ್ಯಬೇಕು, ಲೋಟ ಮುಟ್ಟುವಂತಿಲ್ಲ. ಆ ಲೋಟ ಹಿಡಿದು ಹೊಯ್ದವರಲ್ಲಿ ನಾನೂ ಒಬ್ಬ.

ಅದೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಒಳ್ಳೆಯ ಕಬಡ್ಡಿ ಆಟಗಾರ. ಒಂದು ದಿನ ವಿಜ್ಞಾನದ ಕೊಠಡಿಯಲ್ಲಿ ಮೇಷ್ಟರು ಆಫೀಸಿಗೆ ಹೋಗಿದ್ದಾಗ ಸ್ಪಿರಿಟ್ ದೀಪದ ಉರಿಯ ಮೇಲೆ ಬೆರಳಿಡುವ ಪಂದ್ಯ ಶುರುವಾಯಿತು. ನಾನು ಮೂರು ಎಣಿಸುವಷ್ಟರಲ್ಲಿ ಕೈ ತೆಗೆದೆ. ಅವನು ಎಡಗೈಯ ಕಿರುಬೆರಳನ್ನು ಇಟ್ಟವನು ಹದಿನೈದು ಎಣಿಸಿದರೂ ತೆಗೆಯಲಿಲ್ಲ. ನಗುತ್ತಿದ್ದ. ಬೆರಳಿನಲ್ಲಿ ಬೊಬ್ಬೆ ಎದ್ದಿತು, ಆಗಲೂ ನಗುತ್ತಿದ್ದ. ನಾವು ಚಪ್ಪಾಳೆ ತಟ್ಟಿದೆವು. ಅವತ್ತಿನಿಂದ ಅವನ ಹೆಸರು 'ಉಕ್ಕಿನ ಮನುಷ್ಯ'.

ಹುಡುಗಿಗೆ ಇದ್ದದ್ದು ತೊನ್ನು. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳನ್ನು ನಮ್ಮ ದೇಹದ ರಕ್ಷಣಾ ವ್ಯವಸ್ಥೆಯೇ ತಪ್ಪು ತಿಳಿದು ನಾಶ ಮಾಡುವುದರಿಂದ ಬರುವಂಥದ್ದು. ಅದರಲ್ಲಿ ಯಾವ ರೋಗಾಣುವೂ ಇಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ ಅಂಟುವುದಿಲ್ಲ. ಕುಷ್ಠ ಇದ್ದದ್ದು ನಾವು ಚಪ್ಪಾಳೆ ತಟ್ಟಿದ ಹುಡುಗನಿಗೆ. ಉದ್ದ ತೋಳಿನ ಅಂಗಿಯ ಒಳಗೆ, ಮೊಣಕೈ ಹತ್ತಿರ, ಅಂಗೈ ಅಗಲದ ಒಂದು ತಿಳಿ ಬಣ್ಣದ ಮಚ್ಚೆ ಇತ್ತಂತೆ. ಅದು ತುರಿಸುತ್ತಿರಲಿಲ್ಲ, ನೋಯುತ್ತಿರಲಿಲ್ಲ. ಹಾಗಾಗಿ ಅವನು ಯಾರಿಗೂ ಹೇಳಿರಲಿಲ್ಲ.

ನೋವಿದ್ದರೆ ನಾವು ವೈದ್ಯರ ಹತ್ತಿರ ಓಡುತ್ತೇವೆ. ತುರಿಕೆ ಇದ್ದರೆ ಮೆಡಿಕಲ್ ಶಾಪಿನಲ್ಲಿ ಒಂದು ಟ್ಯೂಬ್ ತರುತ್ತೇವೆ. (ಆ ಟ್ಯೂಬಿನ ಬಗ್ಗೆ ಒಂದು ಮಾತು: ಅಂಥ ಎಷ್ಟೋ ಮುಲಾಮುಗಳಲ್ಲಿ ಸ್ಟಿರಾಯ್ಡ್ ಇರುತ್ತದೆ. ಹುಳುಕಡ್ಡಿಗೆ ಅದನ್ನು ಹಚ್ಚಿದರೆ ನವೆ ನಿಲ್ಲುತ್ತದೆ, ಒಳಗೆ ಶಿಲೀಂಧ್ರ ಹಾಯಾಗಿ ಬೆಳೆಯುತ್ತದೆ. ಕೇಳದೆ ಹಚ್ಚಬೇಡಿ.) ಏನೂ ಅನ್ನಿಸದ ಮಚ್ಚೆಯನ್ನು ಮಾತ್ರ ಸುಮ್ಮನೆ ಬಿಡುತ್ತೇವೆ. ಕುಷ್ಠ ಇರುವುದು ಆ ಸುಮ್ಮನೆ ಬಿಟ್ಟ ಜಾಗದಲ್ಲೇ.

ಇದು ಪಾಪದ ಫಲ, ವಂಶದ ಶಾಪ ಎಂದು ನಮ್ಮವರಷ್ಟೇ ನಂಬಿದ್ದಲ್ಲ. ನೂರೈವತ್ತು ವರ್ಷದ ಹಿಂದೆ ಯುರೋಪಿನ ನಾರ್ವೆ ದೇಶದಲ್ಲೂ ಈ ಕಾಯಿಲೆ ಬಹಳ ಇತ್ತು. ಅಲ್ಲಿನ ಬರ್ಗೆನ್ ಪಟ್ಟಣದ ಡೇನಿಯಲ್ಸನ್ ಎಂಬ ದೊಡ್ಡ ವೈದ್ಯರು ಇದು ತಂದೆತಾಯಿಯಿಂದ ಮಕ್ಕಳಿಗೆ ಬರುವ ರೋಗ ಎಂದು ಗಟ್ಟಿಯಾಗಿ ನಂಬಿದ್ದರು. ಅವರ ಕೈಕೆಳಗೆ ಕೆಲಸಕ್ಕೆ ಸೇರಿ, ಆಮೇಲೆ ಅವರ ಅಳಿಯನೂ ಆದವರು ಹ್ಯಾನ್ಸೆನ್. 1856ರಿಂದ ನಾರ್ವೆಯವರು ಪ್ರತಿ ಕುಷ್ಠರೋಗಿಯ ಹೆಸರು, ಊರು, ಮನೆತನವನ್ನು ದಾಖಲೆ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಹ್ಯಾನ್ಸೆನ್ ಊರೂರು ತಿರುಗಿದರು, ಆ ದಾಖಲೆಗಳನ್ನು ನೋಡಿದರು. ಇದು ರಕ್ತದಲ್ಲಿ ಬರುವುದಲ್ಲ, ಒಬ್ಬರಿಂದ ಒಬ್ಬರಿಗೆ ಬರುವುದು ಎಂಬುದು ಅವರಿಗೆ ಖಚಿತವಾಯಿತು. 1873ರಲ್ಲಿ ರೋಗಿಯ ಚರ್ಮದ ಗಂಟಿನಿಂದ ತೆಗೆದ ದ್ರವವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ಸಣ್ಣ ಕಡ್ಡಿಗಳಂಥ ಜೀವಾಣುಗಳು ಕಂಡವು. ಮಾವನ ಸಿದ್ಧಾಂತವನ್ನು ಅಳಿಯ ಮುರಿದಂತಾಯಿತು.

ಹ್ಯಾನ್ಸೆನ್ ಅವರನ್ನು ಪೂರಾ ದೇವರು ಮಾಡಲು ನನಗೆ ಮನಸ್ಸಿಲ್ಲ. ಈ ಜೀವಾಣುವಿನಿಂದಲೇ ರೋಗ ಬರುತ್ತದೆ ಎಂದು ಸಾಧಿಸುವ ಆತುರದಲ್ಲಿ ಅವರು ಒಬ್ಬ ರೋಗಿ ಹೆಂಗಸಿನ ಕಣ್ಣಿಗೆ, ಅವಳನ್ನು ಕೇಳದೆ, ಬೇರೊಬ್ಬ ರೋಗಿಯ ಗಂಟಿನ ಅಂಶವನ್ನು ಚುಚ್ಚಿದರು. ಅವಳು ದೂರು ಕೊಟ್ಟಳು. 1880ರಲ್ಲಿ ನ್ಯಾಯಾಲಯ ಹ್ಯಾನ್ಸೆನ್ ಅವರನ್ನು ಆಸ್ಪತ್ರೆಯ ಕೆಲಸದಿಂದ ತೆಗೆಯಿತು. ಆ ಕಾಲದಲ್ಲಿ, ಊರೆಲ್ಲ ದೂರ ಇಟ್ಟ ರೋಗದ ಒಬ್ಬ ಬಡ ಹೆಂಗಸು ಅಷ್ಟು ಹೆಸರಾಂತ ವೈದ್ಯನ ಮೇಲೆ ನ್ಯಾಯ ಪಡೆದಳು ಎಂಬುದು ನನಗೆ ಆ ಜೀವಾಣುವಿನಷ್ಟೇ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಆ ಜೀವಾಣು ವಿಚಿತ್ರದ್ದು. ಬೇರೆ ಎಷ್ಟೋ ಬ್ಯಾಕ್ಟೀರಿಯಾ ಅರ್ಧ ಗಂಟೆಯೊಳಗೆ ಒಂದು ಎರಡಾದರೆ ಇದಕ್ಕೆ ಸುಮಾರು ಎರಡು ವಾರ ಬೇಕು. ಅದಕ್ಕೇ ರೋಗಾಣು ಮೈಗೆ ಹೊಕ್ಕು ಮಚ್ಚೆ ಕಾಣುವ ಹೊತ್ತಿಗೆ ಸಾಮಾನ್ಯವಾಗಿ ಐದು ವರ್ಷ ಆಗಿರುತ್ತದೆ, ಕೆಲವರಲ್ಲಿ ಇಪ್ಪತ್ತೂ ಆಗಬಹುದು. ಯಾರಿಂದ ಬಂತು ಎಂದು ಜಗಳ ಆಡಿ ಪ್ರಯೋಜನವಿಲ್ಲ. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಇದನ್ನು ಬೆಳೆಸಲು ಇವತ್ತಿನವರೆಗೂ ಯಾರಿಗೂ ಆಗಿಲ್ಲ. 1960ರಲ್ಲಿ ಅಮೆರಿಕದ ಶೆಪರ್ಡ್ ಎಂಬವರು ಇಲಿಮರಿಯ ಅಂಗಾಲಿನಲ್ಲಿ ಬೆಳೆಸಿದರು. ಅಂಗಾಲೇ ಯಾಕೆಂದರೆ ಈ ಜೀವಾಣುವಿಗೆ ಮೈಯ ತಂಪಾದ ಜಾಗ ಬೇಕು. ನಮ್ಮಲ್ಲೂ ಅದು ಕಿವಿಯ ಹಾಲೆ, ಮೂಗು, ಕೈಕಾಲು ಹುಡುಕಿಕೊಂಡು ಹೋಗುವುದು ಅದಕ್ಕೇ. 2001ರಲ್ಲಿ ಇದರ ಜೀನುಗಳನ್ನು ಪೂರ್ತಿ ಓದಿದರು. ಓದಿದ್ದು ನಮ್ಮ ಪಕ್ಕದ ತಮಿಳುನಾಡಿನ ರೋಗಿಯೊಬ್ಬರಿಂದ ದೊರೆತ ಜೀವಾಣುವನ್ನೇ. ಅದರಲ್ಲಿ ಸಾವಿರಕ್ಕೂ ಹೆಚ್ಚು ಜೀನುಗಳು ಕೆಟ್ಟು ನಿಂತುಹೋಗಿದ್ದವು. ಪಾಳುಬಿದ್ದ ಮನೆಯಂತೆ. ಸ್ವಂತವಾಗಿ ಬದುಕುವ ಶಕ್ತಿ ಕಳೆದುಕೊಂಡು ನಮ್ಮ ಜೀವಕೋಶದ ಒಳಗೇ ಬದುಕುವುದನ್ನು ಕಲಿತಿದೆ. ಅದರಲ್ಲೂ ನರಗಳ ಒಳಗೆ.

ಬೆರಳು ಉದುರುವುದು ಕೊಳೆತು ಅಲ್ಲ ಎಂದು ಜಗತ್ತಿಗೆ ತೋರಿಸಿದವರು ಪಾಲ್ ಬ್ರ್ಯಾಂಡ್. ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಹುಟ್ಟಿದ ಇಂಗ್ಲಿಷರು, ವೆಲ್ಲೂರಿನಲ್ಲಿ ಶಸ್ತ್ರವೈದ್ಯರಾಗಿದ್ದರು. ಒಮ್ಮೆ ತುಕ್ಕು ಹಿಡಿದ ಬೀಗದ ಕೀಲಿಯನ್ನು ಅವರಿಂದ ತಿರುಗಿಸಲು ಆಗಲಿಲ್ಲ. ಒಬ್ಬ ಸಣಕಲು ರೋಗಿ ಹುಡುಗ ಬಂದು ತಿರುಗಿಸಿಬಿಟ್ಟ. ಅವನ ಶಕ್ತಿ ಕಂಡು ಆಶ್ಚರ್ಯಪಟ್ಟು ಕೈ ನೋಡಿದರೆ ಬೆರಳು ಮೂಳೆ ಕಾಣುವಂತೆ ಸೀಳಿಹೋಗಿತ್ತು. ಅವನಿಗೆ ಗೊತ್ತೇ ಇಲ್ಲ. ನೋವು ತಿಳಿಯದ ಕೈ ಎಷ್ಟು ಒತ್ತಬೇಕು, ಯಾವಾಗ ಬಿಡಬೇಕು ಎಂದು ತಿಳಿಯದೆ ತನ್ನನ್ನು ತಾನೇ ಗಾಯ ಮಾಡಿಕೊಳ್ಳುತ್ತದೆ ಎಂದು ಅವರಿಗೆ ಹೊಳೆಯಿತು. ಇನ್ನು ಕೆಲವರ ಬೆರಳು ರಾತ್ರಿ ಮಲಗಿದ್ದಾಗ ಇದ್ದದ್ದು ಬೆಳಿಗ್ಗೆಗೆ ತುಂಡಾಗಿರುತ್ತಿತ್ತು. ರಾತ್ರಿ ಕಾವಲು ಕೂತು ನೋಡಿದಾಗ ಇಲಿ ಕಡಿಯುತ್ತಿತ್ತು. ಆಮೇಲೆ ಊರಿಗೆ ಮರಳುವ ರೋಗಿಗಳಿಗೆ ಔಷಧಿಯ ಜೊತೆ ಒಂದೊಂದು ಬೆಕ್ಕನ್ನೂ ಕೊಟ್ಟು ಕಳಿಸಿದರು.

ಈ ಕಥೆಯನ್ನು ನಾನು ಮೊದಲು ಓದಿದ್ದು ಮೆಡಿಕಲ್ ಕಾಲೇಜಿನ ಹಾಸ್ಟೆಲಿನಲ್ಲಿ. ಬೀಗದ ಕೀಲಿಯ ಭಾಗ ಓದುತ್ತಿದ್ದಂತೆ ಸ್ಪಿರಿಟ್ ದೀಪ ನೆನಪಾಯಿತು. ಪುಸ್ತಕ ಮುಚ್ಚಿಟ್ಟೆ. ಅಷ್ಟು ಹೊತ್ತಿಗೆ ಅವನು ಶಾಲೆ ಬಿಟ್ಟು ಎಲ್ಲಿದ್ದಾನೋ ಯಾರಿಗೂ ಗೊತ್ತಿರಲಿಲ್ಲ.

ಪತ್ತೆ ಮಾಡುವುದು ಹೇಗೆ? ಸ್ಕ್ಯಾನಿಂಗು, ರಕ್ತ ಪರೀಕ್ಷೆ ಎಲ್ಲ ಬಂದ ಕಾಲ ಇದು. ಕಿವಿಯ ಹಾಲೆಯಲ್ಲಿ ಸಣ್ಣ ಗೀರು ಹಾಕಿ ದ್ರವ ತೆಗೆದು ಬಣ್ಣ ಹಾಕಿ ನೋಡುವ ಪರೀಕ್ಷೆ ಇದೆ, ಚರ್ಮದ ಚೂರು ತೆಗೆದು ನೋಡುವುದೂ ಇದೆ. ಆದರೆ ಒಂದೆರಡು ಮಚ್ಚೆ ಇರುವ ಆರಂಭದ ರೋಗದಲ್ಲಿ ಜೀವಾಣುಗಳು ತೀರಾ ಕಡಿಮೆ, ಗೀರು ಪರೀಕ್ಷೆಯಲ್ಲಿ ಏನೂ ಸಿಗುವುದಿಲ್ಲ. ಆಗ ನಂಬಬಹುದಾದ ಉಪಕರಣ ದೇವರ ಮನೆಯ ಬತ್ತಿಯ ಹತ್ತಿ. ಅದರ ತುದಿಯನ್ನು ಎಳೆದು ಚೂಪು ಮಾಡಿಕೊಳ್ಳಿ. ಮೊದಲು ಚೆನ್ನಾಗಿರುವ ಚರ್ಮಕ್ಕೆ ಮುಟ್ಟಿಸಿ ತೋರಿಸಿ. ಆಮೇಲೆ ಕಣ್ಣು ಮುಚ್ಚಿಸಿ, ಮುಟ್ಟಿದ ಜಾಗವನ್ನು ಬೆರಳಿಟ್ಟು ತೋರಿಸಲು ಹೇಳಿ. ಸವರಬೇಡಿ, ಮುಟ್ಟಿಸಿ ತೆಗೆಯಿರಿ. ಮಚ್ಚೆಯ ಮೇಲೆ ಮುಟ್ಟಿದಾಗ ಅವರು ಸುಮ್ಮನೆ ಕೂತಿದ್ದರೆ, ಅಲ್ಲಿಗೆ ಆಸ್ಪತ್ರೆಗೆ ಹೋಗುವ ಕಾರಣ ಸಿಕ್ಕಿತು.

ಕುಷ್ಠದ ಮಚ್ಚೆ ಸುಣ್ಣದಂತೆ ಅಚ್ಚ ಬಿಳುಪಾಗಿ ಇರುವುದಿಲ್ಲ, ಮೈಬಣ್ಣಕ್ಕಿಂತ ಸ್ವಲ್ಪ ತಿಳಿ ಅಥವಾ ತಾಮ್ರದ ಬಣ್ಣ. ಅಚ್ಚ ಬಿಳುಪಾಗಿದ್ದು ಸ್ಪರ್ಶ ಚೆನ್ನಾಗಿದ್ದರೆ ಅದು ಬಹುಮಟ್ಟಿಗೆ ತೊನ್ನು. ಮಕ್ಕಳ ಕೆನ್ನೆಯ ಒಣ ತಿಳಿ ಕಲೆಗಳಿಗೆ ಹೆದರಬೇಕಾಗಿಲ್ಲ. ಇನ್ನೊಂದು ಬಗೆಯ ಕುಷ್ಠದಲ್ಲಿ ಮಚ್ಚೆಯಲ್ಲಿ ಸ್ಪರ್ಶ ಹೋಗದೆಯೂ ಇರಬಹುದು. ಕಿವಿಯ ಹಾಲೆ ದಪ್ಪವಾಗುವುದು, ಗಂಟುಗಳು, ಹುಬ್ಬಿನ ಕೂದಲು ಉದುರುವುದು, ಮುಖ ಎಣ್ಣೆ ಹಚ್ಚಿದಂತೆ ಹೊಳೆಯುವುದು ಅದರ ಗುರುತು. ಕೈಕಾಲು ಜೋಮು ಹಿಡಿದಂತಿದ್ದು ಬಿಡದಿದ್ದರೂ, ಚಪ್ಪಲಿ ಕಾಲಿನಿಂದ ಜಾರಿದ್ದು ಗೊತ್ತಾಗದಿದ್ದರೂ ತೋರಿಸಿ.

ಅಂಟುವ ವಿಷಯ. ಚಿಕಿತ್ಸೆ ಪಡೆಯದ ರೋಗಿಯ ಜೊತೆ ಬಹಳ ಕಾಲ ಹತ್ತಿರದಿಂದ ಇದ್ದಾಗ ಉಸಿರು, ಸೀನಿನ ಹನಿಗಳ ಮೂಲಕ ಅಂಟಬಹುದು. ಅದರಲ್ಲೂ ನಮ್ಮಲ್ಲಿ ಬಹುಪಾಲು ಜನರ ಮೈ ಇದನ್ನು ತಾನೇ ಎದುರಿಸಿ ಗೆಲ್ಲುತ್ತದೆ. ಮಾತ್ರೆ ಶುರುವಾದ ಸ್ವಲ್ಪ ಕಾಲದಲ್ಲೇ ರೋಗಿಯಿಂದ ಯಾರಿಗೂ ಅಂಟುವುದಿಲ್ಲ. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದ ಬಹುಔಷಧ ಚಿಕಿತ್ಸೆ ಇದು. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಮಚ್ಚೆಗಳು ಕಡಿಮೆ ಇದ್ದರೆ ಆರು ತಿಂಗಳು, ಹೆಚ್ಚಿದ್ದರೆ ಒಂದು ವರ್ಷ, ಅಷ್ಟೇ. ಮನೆಯವರಿಗೂ ಪರೀಕ್ಷೆ ಮಾಡಿ ರಿಫಾಂಪಿಸಿನ್ ಎಂಬ ಔಷಧಿಯನ್ನು ಒಂದೇ ಸಲ ಕೊಡುತ್ತಾರೆ. ನಿಮ್ಮ ಮನೆಗೆ ಆಶಾ ಕಾರ್ಯಕರ್ತೆ ಬಂದು ಮೈಮೇಲೆ ಮಚ್ಚೆ ಇದೆಯೇ ಎಂದು ಕೇಳಿದಾಗ 'ನಮ್ಮನೇಲಿ ಅಂಥದ್ದೆಲ್ಲ ಇಲ್ಲಮ್ಮ' ಎಂದು ಬಾಗಿಲಲ್ಲೇ ಕಳಿಸಬೇಡಿ. ಆಯಮ್ಮ ಬಿಸಿಲಲ್ಲಿ ನಡೆದು ಬಂದಿರುತ್ತಾರೆ.

ನನ್ನ ಗೆಳೆಯ ಸಿಕ್ಕಿದ್ದು ಹದಿಮೂರು ವರ್ಷದ ನಂತರ. ನಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಗೆ ಕೈಗೆ ಟವೆಲ್ ಸುತ್ತಿಕೊಂಡು ಒಬ್ಬ ಬಂದ. ಚೀಟಿಯ ಮೇಲಿನ ಹೆಸರು ಓದಿ ತಲೆ ಎತ್ತಿದೆ. 'ಗೊತ್ತಾಗ್ಲಿಲ್ವೇನೋ? ಉಕ್ಕಿನ ಮನುಷ್ಯ ಕಣೋ' ಅಂದ. ಟವೆಲ್ ಬಿಚ್ಚಿದ. ಕಿರುಬೆರಳು, ಉಂಗುರದ ಬೆರಳು ಕೊಕ್ಕೆಯಂತೆ ಮಡಚಿಕೊಂಡಿದ್ದವು. ನಡುವೆ ನಾಟಿ ಔಷಧಿ ಆಗಿತ್ತು, ಹರಕೆ ಆಗಿತ್ತು, ಒಬ್ಬ ವೈದ್ಯರು ಹುಳುಕಡ್ಡಿ ಎಂದು ಎರಡು ವರ್ಷ ಮುಲಾಮು ಕೊಟ್ಟಿದ್ದರು. ಒಂದು ವರ್ಷದ ಮಾತ್ರೆಯಲ್ಲಿ ರೋಗ ವಾಸಿಯಾಯಿತು. ನರ ಸೋತು ಆರು ತಿಂಗಳೊಳಗೆ ಬಂದಿದ್ದರೆ ಅದನ್ನೂ ಔಷಧಿಯಿಂದ ಉಳಿಸಿಕೊಳ್ಳುವ ಅವಕಾಶ ಇತ್ತು, ಆ ಕಾಲ ಕಳೆದುಹೋಗಿತ್ತು. ಬ್ರ್ಯಾಂಡ್ ಅವರು ರೂಪಿಸಿದ ರೀತಿಯಲ್ಲೇ, ಕೆಲಸ ಮಾಡುವ ಒಂದು ಸ್ನಾಯುವಿನ ತುದಿಯನ್ನು ಬೆರಳುಗಳಿಗೆ ಜೋಡಿಸುವ ಶಸ್ತ್ರಚಿಕಿತ್ಸೆ ಆಯಿತು. ಈಗ ಬೆರಳು ಬಿಚ್ಚುತ್ತವೆ. ಬಿಸಿ ಮಾತ್ರ ತಿಳಿಯುವುದಿಲ್ಲ. ಕಾಫಿ ಲೋಟವನ್ನು ಬಲಗೈಯಲ್ಲೇ ಹಿಡಿಯುತ್ತಾನೆ.

1898ರ ಬ್ರಿಟಿಷರ ಕಾಲದ ಕುಷ್ಠರೋಗಿಗಳ ಕಾಯಿದೆ 2016ರಲ್ಲಿ ರದ್ದಾಯಿತು. ಗಂಡ ಅಥವಾ ಹೆಂಡತಿಗೆ ಕುಷ್ಠ ಇದೆ ಎಂದು ವಿಚ್ಛೇದನ ಕೇಳುವ ಅವಕಾಶವನ್ನು 2019ರಲ್ಲಿ ತೆಗೆದರು. ಕಾನೂನಿನಲ್ಲಿ ಇಷ್ಟಾಗಿದೆ. ಈ ಮಹೋತ್ಸವಕ್ಕೆ ಅವನನ್ನು ನಾನೇ ಫೋನ್ ಮಾಡಿ ಕರೆದೆ. 'ನನ್ನ ವಿಷಯ ಹೇಳು, ಹುಡುಗ್ರಿಗೆ ಗೊತ್ತಾಗ್ಲಿ. ಹೆಸರು ಹೇಳ್ಬೇಡ. ಮಗಳ ಮದುವೆ ಆಗ್ಲಿ, ಆಮೇಲೆ ಬರ್ತೀನಿ' ಅಂದ. ಅವನು ವಾಸಿಯಾಗಿ ಇಪ್ಪತ್ತೈದು ವರ್ಷ ಆಗಿದೆ.

ಆ ಹುಡುಗಿ ಬಂದಿದ್ದಾರೆ. ನಿನ್ನೆ ಊಟದ ಪಂಕ್ತಿಯಲ್ಲಿ ನಾನು ಅವರ ಪಕ್ಕದಲ್ಲಿ ಕೂತು ಕ್ಷಮೆ ಕೇಳಿದೆ. 'ಯಾವುದಕ್ಕೆ?' ಅಂದರು. ನೀರಿಗೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ನೀವು ಬೇಗ ಬೇಗ ಹೊಯ್ತಿದ್ರಿ, ಅರ್ಧ ನೆಲಕ್ಕೆ ಹೋಗೋದು' ಅಂದರು.

ಊಟದ ನಂತರ ಹಳೆಯ ಒಂಬತ್ತನೇ ತರಗತಿಯ ಕೊಠಡಿಯಲ್ಲಿ ನಾನು ಕೂತಿರುತ್ತೇನೆ. ಹೆಂಗಸರಿಗಾಗಿ ಪಕ್ಕದ ಕೊಠಡಿಯಲ್ಲಿ ಮಹಿಳಾ ವೈದ್ಯರು ಇರುತ್ತಾರೆ, ಬಾಗಿಲಿಗೆ ಪರದೆ ಕಟ್ಟಿಸಿದ್ದೇವೆ. ಹೆಸರು ಬರೆಸಬೇಕಾಗಿಲ್ಲ. ಹತ್ತಿ ನಾನೇ ತಂದಿದ್ದೇನೆ.